ಒಂದೇ ಏಣಿ, ಬುಡದಿಂದ ತುದಿಯವರೆಗೆ: ಇಂಗ್ಲಿಷಿನ ‘ಕಾರ್ಪೊರೇಟ್ ಲ್ಯಾಡರ್’ ನುಡಿಗಟ್ಟನ್ನು ಕಲಿಯುವ ಬಗೆ

ತಿಪಟೂರು ಕಡೆಯ ಹುಡುಗಿಯೊಬ್ಬಳು ಬೆಂಗಳೂರಿಗೆ ಮೊದಲ ಸಂದರ್ಶನಕ್ಕೆ ಹೋಗಿಬಂದ ಮಾರನೆಯ ದಿನ ನನ್ನ ಸಂಜೆ ತರಗತಿಗೆ ಬಂದು ಸುಮ್ಮನೆ ಕೂತಳು. ‘ಇನ್ನೈದು ವರ್ಷಕ್ಕೆ ಎಲ್ಲಿರಬೇಕು ಅಂತಿದ್ದೀರಿ?’ ಎಂದು ಕೇಳಿದ್ದರಂತೆ. ಇವಳು ತರಗತಿಯಲ್ಲಿ ಕಲಿತಿದ್ದನ್ನೇ ನೆನಪು ಮಾಡಿಕೊಂಡು ‘ಐ ವಾಂಟ್ ಟು ಕ್ಲೈಂಬ್ ದ ಕಾರ್ಪೊರೇಟ್ ಲ್ಯಾಡರ್’ ಎಂದಿದ್ದಾಳೆ. ಎದುರಿಗಿದ್ದವರು, ‘ಸರಿ, ಅಲ್ಲಿಯತನಕ ತಂಡಕ್ಕೆ ಏನು ಮಾಡ್ತೀರಿ?’ ಎಂದರಂತೆ. ಅಲ್ಲಿಗೆ ಇವಳ ಮಾತು ನಿಂತುಹೋಯಿತು.

‘ಮೇಡಂ, ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?’

ವ್ಯಾಕರಣ ಸರಿ ಇತ್ತು. ಅರ್ಥವೂ ಸರಿಯೇ. ಅವಳ ನೋಟ್‌ಬುಕ್ಕಿನಲ್ಲಿ ಆ ನುಡಿಗಟ್ಟಿನ ಎದುರಿಗೆ ‘ಉದ್ಯೋಗದಲ್ಲಿ ಮೇಲೇರುವುದು’ ಎಂದು ದುಂಡಗೆ ಬರೆದಿತ್ತು. ಆದರೆ ಆ ಮಾತನ್ನು ಯಾರು, ಯಾರ ಬಗ್ಗೆ, ಯಾರೆದುರು ಆಡುತ್ತಾರೆ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ನೂರು ನುಡಿಗಟ್ಟುಗಳ ಪಟ್ಟಿ ಕೊಡುವುದನ್ನು ಬಿಟ್ಟೆ. ಒಂದನ್ನು ತೆಗೆದುಕೊಂಡು ವಾರಗಟ್ಟಲೆ ಅದರ ಜೊತೆಗಿರುವುದು ಹೇಗೆ ಎಂದು ಹೇಳಿಕೊಡುತ್ತಿದ್ದೇನೆ. ಆ ಕ್ರಮವನ್ನು ಇದೇ ಏಣಿಯನ್ನು ಮುಂದಿಟ್ಟುಕೊಂಡು ಇಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ.

ಮೊದಲು ಏಣಿಯನ್ನು ನೋಡಿ

ಅರ್ಥ ಬರೆದುಕೊಳ್ಳುವ ಮೊದಲು ಚಿತ್ರ ಬರೆಯಿರಿ. ಗೋಡೆಗೆ ಒರಗಿಸಿದ ಒಂದು ಏಣಿ. ಕೆಳಗಿನ ಮೆಟ್ಟಿಲಲ್ಲಿ ಟ್ರೇನಿ, ನಂತರ ಎಂಜಿನಿಯರ್, ಸೀನಿಯರ್ ಎಂಜಿನಿಯರ್, ಟೀಮ್ ಲೀಡ್, ಮ್ಯಾನೇಜರ್, ತುದಿಯಲ್ಲಿ ಕಂಪನಿಯ ಮುಖ್ಯಸ್ಥ. ಇದೇ ‘ಕಾರ್ಪೊರೇಟ್ ಲ್ಯಾಡರ್’: ದೊಡ್ಡ ಕಂಪನಿಯೊಂದರಲ್ಲಿ ಕೆಳಗಿನಿಂದ ಮೇಲಿನವರೆಗೆ ಒಂದರ ಮೇಲೊಂದು ಇರುವ ಹುದ್ದೆಗಳ ಸಾಲು. ಅದನ್ನು ಹತ್ತುವುದೆಂದರೆ ವರ್ಷಗಟ್ಟಲೆ ದುಡಿದು ಒಂದೊಂದೇ ಹುದ್ದೆ ದಾಟುತ್ತ ಮೇಲಕ್ಕೆ ಹೋಗುವುದು.

ಮಲೆನಾಡಿನಲ್ಲಿ ಕಾಳುಮೆಣಸು ಕೊಯ್ಯಲು ಬಳಸುವ ಒಂಟಿ ಬಿದಿರಿನ ಏಣಿಯನ್ನು ಕಂಡವರಿಗೆ ಈ ಚಿತ್ರದ ಒಳಗುಟ್ಟು ಬೇಗ ಹೊಳೆಯುತ್ತದೆ. ಅದರಲ್ಲಿ ಒಂದು ಗೆಣ್ಣಿನ ಮೇಲೆ ಒಬ್ಬರಿಗೆ ಕಾಲಿಡಲು ಜಾಗ, ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಲಾಗದು. ಇಂಗ್ಲಿಷಿನ ಏಣಿಯಲ್ಲೂ ಅದೇ ಸೂಚನೆಯಿದೆ. ಮೇಲೆ ಹೋದಂತೆಲ್ಲ ಜಾಗ ಕಡಿಮೆ, ಒಬ್ಬರು ಹತ್ತಿದರೆ ಇನ್ನೊಬ್ಬರು ಕೆಳಗೆ ಕಾಯಬೇಕು. ಪೈಪೋಟಿಯ ವಾಸನೆ ಈ ಮಾತಿಗೆ ಅಂಟಿಕೊಂಡಿರುವುದು ಈ ಚಿತ್ರದಿಂದಲೇ.

ಮಹತ್ವಾಕಾಂಕ್ಷೆಯನ್ನು ಏಣಿಗೆ ಹೋಲಿಸುವುದು ಇಂಗ್ಲಿಷಿನಲ್ಲಿ 400 ವರ್ಷಕ್ಕೂ ಹಳೆಯದು. ಅದರ ಹಿಂದೆ ‘ಕಾರ್ಪೊರೇಟ್’ ಬಂದು ಸೇರಿದ್ದು ಮಾತ್ರ 20ನೆಯ ಶತಮಾನದಲ್ಲಿ, ಅಮೆರಿಕದ ದೊಡ್ಡ ಕಂಪನಿಗಳು ನೌಕರರನ್ನು ಅಂತಸ್ತು ಅಂತಸ್ತಾಗಿ ಜೋಡಿಸಿಕೊಂಡ ಕಾಲದಲ್ಲಿ. ಪದದ ಬೇರನ್ನು ಕೆದಕಿದರೆ ಇನ್ನೂ ಚೆಂದ. ಲ್ಯಾಡರ್ ಎಂಬ ಪದದ ಹಳೆಯ ಮೂಲಕ್ಕೆ ‘ಒರಗು’ ಎಂಬ ಅರ್ಥವಿದೆ. ಗ್ರೀಕಿನಲ್ಲಿ ಏಣಿಗೆ ‘ಕ್ಲೈಮ್ಯಾಕ್ಸ್’ ಎಂದು ಹೆಸರು, ಅದೂ ಇದೇ ಬೇರಿನದು. ನಮ್ಮ ಸಿನಿಮಾ ಮಾತಿನ ಕ್ಲೈಮ್ಯಾಕ್ಸ್ ಬಂದದ್ದು ಅಲ್ಲಿಂದಲೇ. ಈ ನಂಟು ಒಮ್ಮೆ ತಿಳಿದರೆ ಲ್ಯಾಡರ್ ಮರೆಯುವುದಿಲ್ಲ.

ಬಾಯಿಗೆ ಬರಿಸಿಕೊಳ್ಳಿ

ಇದಕ್ಕೆ ಹತ್ತು ನಿಮಿಷ ಸಾಕು, ಆದರೆ ಬಿಡಬೇಡಿ. ಹತ್ತುವುದು ಎಂಬ ಪದವನ್ನು ಸಿ, ಎಲ್, ಐ, ಎಂ, ಬಿ ಎಂದು ಬರೆದರೂ ಕೊನೆಯ ‘ಬಿ’ ಉಚ್ಚಾರದಲ್ಲಿಲ್ಲ. ‘ಕ್ಲೈಮ್’ ಎನ್ನಿ, ಭೂತಕಾಲದಲ್ಲಿ ‘ಕ್ಲೈಮ್ಡ್’, ಹತ್ತುವವನು ‘ಕ್ಲೈಮರ್’. ಬಾಚಣಿಗೆಯ ‘ಕೋಮ್’, ಹೆಬ್ಬೆರಳಿನ ‘ಥಮ್’ ಇದೇ ಗುಂಪಿನವು. ವಿಮೆಯವರ ‘ಕ್ಲೇಮ್’ ಬೇರೆಯೇ ಪದ. ಅಲ್ಲಿ ‘ಏ’ ಕಾರ, ಇಲ್ಲಿ ‘ಐ’ ಕಾರ.

ಕಾರ್ಪೊರೇಟ್ ಎಂದು ಕನ್ನಡದಲ್ಲಿ ಬರೆಯುತ್ತೇವಾದರೂ ಇಂಗ್ಲಿಷ್ ಮಾತಿನಲ್ಲಿ ಒತ್ತು ಮೊದಲ ‘ಕಾರ್’ ಮೇಲೆ, ಕೊನೆಯದು ‘ರೇಟ್’ ಎಂದು ಎಳೆಯದೆ ‘ರಟ್’ ಎಂದು ಸಣ್ಣಗೆ ಮುಗಿಯುತ್ತದೆ. ಏಣಿಯ ಮೆಟ್ಟಿಲಿಗೆ ‘ರಂಗ್’ ಎನ್ನಬೇಕು. ಗಂಟೆ ಬಾರಿಸಿದ್ದಕ್ಕೂ ‘ರಂಗ್’ ಎಂದೇ ಬರುತ್ತದೆ, ಅಕ್ಷರಗಳೂ ಅವೇ, ಸಂದರ್ಭ ನೋಡಿ ತಿಳಿಯಬೇಕು. ಅಮೆರಿಕದವರ ಬಾಯಲ್ಲಿ ‘ಲ್ಯಾಡರ್’ ಮತ್ತು ‘ಎರಡರಲ್ಲಿ ಕೊನೆಯದು’ ಎಂಬರ್ಥದ ‘ಲ್ಯಾಟರ್’ ಒಂದೇ ರೀತಿ ಕೇಳುತ್ತವೆ. ಅಲ್ಲಿಯ ಸಹೋದ್ಯೋಗಿಗಳೊಡನೆ ಫೋನಿನಲ್ಲಿ ಮಾತಾಡುವವರಿಗೆ ಇದು ಗೊತ್ತಿದ್ದರೆ ಗೊಂದಲವಾಗುವುದಿಲ್ಲ. ಕೇಂಬ್ರಿಜ್, ಆಕ್ಸ್‌ಫರ್ಡ್ ನಿಘಂಟುಗಳ ಜಾಲತಾಣಗಳಲ್ಲಿ ಎರಡೂ ದೇಶದ ಉಚ್ಚಾರ ಉಚಿತವಾಗಿ ಕೇಳಿಸುತ್ತದೆ. ಕೇಳಿ, ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಮತ್ತೆ ಕೇಳಿ.

ವಾಕ್ಯದ ಕಟ್ಟು: ನಮ್ಮವರು ಎಡವುವ ಜಾಗ

ಕನ್ನಡದಲ್ಲಿ ‘ಬಡ್ತಿ ಸಿಕ್ತು’ ಎನ್ನುತ್ತೇವೆ. ಬಡ್ತಿ ಎಲ್ಲಿಂದಲೋ ಬಂದು ನಮಗೆ ಸಿಗುತ್ತದೆ, ನಾವು ಪಡೆಯುವವರು. ಇಂಗ್ಲಿಷಿನ ಏಣಿ ಹಾಗಲ್ಲ, ಅಲ್ಲಿ ಕೈಕಾಲು ಆಡಿಸುವವನು ಕರ್ತೃ. ‘ಶಿ ಕ್ಲೈಮ್ಡ್ ದ ಕಾರ್ಪೊರೇಟ್ ಲ್ಯಾಡರ್’ ಎಂದರೆ ಅವಳೇ ಹತ್ತಿದಳು, ಯಾರೂ ಎತ್ತಿ ಕೂರಿಸಲಿಲ್ಲ. ಈ ವ್ಯತ್ಯಾಸ ಮನಸ್ಸಿಗೆ ಇಳಿಯದಿದ್ದರೆ ‘ಐ ಗಾಟ್ ದ ಕಾರ್ಪೊರೇಟ್ ಲ್ಯಾಡರ್’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ನನ್ನ ತರಗತಿಯಲ್ಲಿ ಪ್ರತಿವರ್ಷವೂ ಹುಟ್ಟುತ್ತವೆ.

ಇನ್ನೊಂದು ವ್ಯತ್ಯಾಸ ಕಾಲದ್ದು. ಬಡ್ತಿ ಒಂದು ದಿನದ ಘಟನೆ, ಏಣಿ ವರ್ಷಗಳ ಪ್ರಯಾಣ. ಕಳೆದ ತಿಂಗಳು ನಿಮಗೆ ಬಡ್ತಿ ಸಿಕ್ಕಿದ್ದರೆ ‘ಐ ಗಾಟ್ ಪ್ರಮೋಟೆಡ್ ಲಾಸ್ಟ್ ಮಂತ್’ ಎಂದರೆ ಮುಗಿಯಿತು. ‘ಐ ಕ್ಲೈಮ್ಡ್ ದ ಕಾರ್ಪೊರೇಟ್ ಲ್ಯಾಡರ್ ಲಾಸ್ಟ್ ಮಂತ್’ ಎಂದರೆ ಕೇಳುವವರಿಗೆ ವಿಚಿತ್ರ ಎನಿಸುತ್ತದೆ, ಒಂದೇ ತಿಂಗಳಲ್ಲಿ ಬುಡದಿಂದ ತುದಿಗೆ ಹೋದಿರೇನೋ ಎಂಬಂತೆ. ಎರಡು ಮೂರು ಹುದ್ದೆಯಾದರೂ ದಾಟಿದ ಕಥೆ ಹೇಳುವಾಗ ಮಾತ್ರ ಏಣಿಯನ್ನು ತನ್ನಿ.

ನೋಟ್‌ಬುಕ್ಕಿನಲ್ಲಿ ಬಿಡಿಪದ ಬರೆಯಬೇಡಿ, ಈ ಕಟ್ಟುಗಳನ್ನು ಇಡಿಯಾಗಿ ಬರೆದುಕೊಳ್ಳಿ. ‘ಕ್ಲೈಮ್ ದ ಕಾರ್ಪೊರೇಟ್ ಲ್ಯಾಡರ್’, ಸ್ವಲ್ಪ ಹಗುರವಾಗಿ ‘ಮೂವ್ ಅಪ್ ದ ಲ್ಯಾಡರ್’, ಕಷ್ಟಪಟ್ಟು ದುಡಿದು ಏರಿದ ಭಾವ ಬೇಕಿದ್ದರೆ ‘ವರ್ಕ್ ಯುವರ್ ವೇ ಅಪ್ ದ ಲ್ಯಾಡರ್’. ಎಲ್ಲಿದ್ದಾನೆಂದು ಹೇಳಲು ‘ಆನ್ ದ ಬಾಟಮ್ ರಂಗ್’, ‘ದ ನೆಕ್ಸ್ಟ್ ರಂಗ್’, ‘ಅಟ್ ದ ಟಾಪ್ ಆಫ್ ದ ಲ್ಯಾಡರ್’. ಎಲ್ಲ ಕಡೆಯೂ ಒಂದು ಪುಟ್ಟ ‘ದ’ ಕೂತಿರುವುದನ್ನು ಗಮನಿಸಿ. ಕನ್ನಡದಲ್ಲಿ ಅಂಥದ್ದು ಇಲ್ಲದ್ದರಿಂದ ನಮ್ಮ ಬಾಯಿ ಅದನ್ನು ನುಂಗಿಬಿಡುತ್ತದೆ. ‘ಏಣಿಯ ಮೇಲೆ ಹತ್ತು’ ಎಂಬ ನಮ್ಮ ರೂಢಿಯಿಂದ ‘ಕ್ಲೈಮ್ ಆನ್ ದ ಲ್ಯಾಡರ್’ ಎನ್ನುವವರೂ ಇದ್ದಾರೆ. ಆ ‘ಆನ್’ ಬೇಡ. ಬೇಕೇಬೇಕು ಎನಿಸಿದರೆ ‘ಅಪ್’ ಹಾಕಬಹುದು.

ಯಾರ ಏಣಿ, ಎಲ್ಲಿಯ ಏಣಿ

ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಕಾರ್ಪೊರೇಷನ್ ಎಂದರೆ ಪಾಲಿಕೆ, ಕಾರ್ಪೊರೇಟರ್ ಎಂದರೆ ವಾರ್ಡಿನ ಸದಸ್ಯ. ಹಾಗಾಗಿ ‘ಕಾರ್ಪೊರೇಟ್ ಲ್ಯಾಡರ್’ ಎಂದರೆ ರಾಜಕೀಯದ ಮೇಲೇರುವಿಕೆ ಎಂದು ತಿಳಿದಿದ್ದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಅವನ ತರ್ಕದಲ್ಲಿ ದೋಷವಿರಲಿಲ್ಲ, ಪದ ನಮ್ಮಲ್ಲಿ ಹಿಡಿದ ದಾರಿ ಬೇರೆಯಾಗಿತ್ತು ಅಷ್ಟೆ. ಲ್ಯಾಟಿನ್ನಿನಲ್ಲಿ ದೇಹ ಎಂಬರ್ಥದ ಪದದಿಂದ ಬಂದ ಈ ಮಾತು ಹಲವರು ಸೇರಿ ಒಂದೇ ದೇಹದಂತೆ ನಡೆಯುವ ಯಾವ ಸಂಸ್ಥೆಗೂ ಹೊಂದುತ್ತದೆ. ಈ ನುಡಿಗಟ್ಟಿನಲ್ಲಿ ಮಾತ್ರ ಅದು ವ್ಯಾಪಾರಿ ಕಂಪನಿಗಳಿಗೆ ಮೀಸಲು.

ಆದ್ದರಿಂದ ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿ ಪ್ರಥಮ ದರ್ಜೆಗೆ ಬಂದ ನಿಮ್ಮ ಚಿಕ್ಕಪ್ಪನವರ ಬಗ್ಗೆ ಈ ಮಾತು ಬೇಡ. ಅಲ್ಲಿ ಜ್ಯೇಷ್ಠತಾ ಪಟ್ಟಿ, ಇಲಾಖಾ ಪರೀಕ್ಷೆ, ಖಾಲಿ ಹುದ್ದೆ, ಇವುಗಳ ಲೆಕ್ಕವೇ ಬೇರೆ. ‘ಕರಿಯರ್ ಲ್ಯಾಡರ್’ ಎಂದರೆ ಯಾವ ಕ್ಷೇತ್ರಕ್ಕೂ ನಡೆಯುತ್ತದೆ. ಕಾನ್‌ಸ್ಟೆಬಲ್ ಆಗಿ ಸೇರಿ ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ ದಾಟಿ ಪಿಎಸ್‌ಐ ಆದವರಿಗೆ ಇಂಗ್ಲಿಷಿನಲ್ಲಿ ಇನ್ನೂ ಒಪ್ಪುವ ಮಾತಿದೆ, ‘ರೈಸ್ ಥ್ರೂ ದ ರ‍್ಯಾಂಕ್ಸ್’. ಇಲ್ಲಿನ ರ‍್ಯಾಂಕ್ ನಮ್ಮ ಎಸ್ಸೆಸ್ಸೆಲ್ಸಿ, ಸಿಇಟಿಯ ರ‍್ಯಾಂಕ್ ಅಲ್ಲ. ಸೈನಿಕರು ಸಾಲಾಗಿ ನಿಲ್ಲುವ ಆ ಸಾಲಿಗೆ ರ‍್ಯಾಂಕ್ ಎನ್ನುತ್ತಿದ್ದರು. ಸಾಮಾನ್ಯ ಸಿಪಾಯಿಗಳ ಸಾಲಿನಿಂದ ಎದ್ದು ಅಧಿಕಾರಿಯಾಗುವುದು ಇದರ ಹಿಂದಿನ ಚಿತ್ರ.

ಲಂಡನ್ನಿನಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಮತ್ತೊಂದು ಏಣಿ ಕಿವಿಗೆ ಬೀಳುತ್ತದೆ, ‘ಪ್ರಾಪರ್ಟಿ ಲ್ಯಾಡರ್’. ಅದನ್ನು ಹತ್ತುವುದೆಂದರೆ ಮೊದಲು ಸಣ್ಣದೊಂದು ಮನೆ ಕೊಂಡು, ಅದನ್ನು ಮಾರಿ ದೊಡ್ಡದಕ್ಕೆ ಹೋಗುವುದು. ಬಡ್ತಿಗೂ ಅದಕ್ಕೂ ಸಂಬಂಧವಿಲ್ಲ.

ಮಾತಿನ ಬಿಸಿ ಎಷ್ಟು

ತಿಪಟೂರಿನ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತವೂ ಇದೇ.

ಇಂಗ್ಲಿಷ್ ಆಡುವವರು ‘ಕ್ಲೈಮ್ ದ ಕಾರ್ಪೊರೇಟ್ ಲ್ಯಾಡರ್’ ಎಂದು ಹೆಚ್ಚಾಗಿ ಬೇರೆಯವರ ಬಗ್ಗೆ ಹೇಳುತ್ತಾರೆ, ಅಥವಾ ತಮ್ಮದೇ ಕಳೆದ ದಿನಗಳ ಬಗ್ಗೆ. ‘ಇಪ್ಪತ್ತು ವರ್ಷ ಏಣಿ ಹತ್ತಿದೆ, ಮಕ್ಕಳು ಬೆಳೆದದ್ದೇ ಕಾಣಲಿಲ್ಲ’ ಎಂಬ ಧಾಟಿಯಲ್ಲಿ ಇದು ಆಗಾಗ ಬರುತ್ತದೆ. ಮೆಚ್ಚುಗೆಯೂ ಇರಬಹುದು, ಸುಸ್ತೂ ಇರಬಹುದು, ಸಣ್ಣ ಟೀಕೆಯೂ ಇರಬಹುದು. ಏಕೆಂದರೆ ಈ ಮಾತು ಹುದ್ದೆಯ ಬಗ್ಗೆ ಹೇಳುತ್ತದೆಯೇ ಹೊರತು ಕೆಲಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಏಣಿ ಹತ್ತುವವನ ಕಣ್ಣು ಮೇಲಿನ ಮೆಟ್ಟಿಲಿನ ಮೇಲಿರುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವವರೆದುರು ಕೂತು, ನಾಳೆಯ ಬಗ್ಗೆ, ‘ನನಗೆ’ ಎಂದು ಶುರುಮಾಡಿ ಇದನ್ನು ಹೇಳಿದರೆ ಅವರಿಗೆ ಕೇಳಿಸುವುದು ‘ಈ ಕುರ್ಚಿ ನನಗೆ ಮೆಟ್ಟಿಲು ಮಾತ್ರ’ ಎಂದು. ‘ಅಲ್ಲಿಯತನಕ ತಂಡಕ್ಕೆ ಏನು ಮಾಡ್ತೀರಿ?’ ಎಂಬ ಪ್ರಶ್ನೆ ಅಲ್ಲಿಂದಲೇ ಬಂದದ್ದು.

ಸಂದರ್ಶನದಲ್ಲಿ ಅದೇ ಆಸೆಯನ್ನು ಜವಾಬ್ದಾರಿಯ ಮಾತಿನಲ್ಲಿ ಹೇಳಿ: ‘ಐ ವುಡ್ ಲೈಕ್ ಟು ಟೇಕ್ ಆನ್ ಮೋರ್ ರೆಸ್ಪಾನ್ಸಿಬಿಲಿಟಿ’, ‘ಐ ಹೋಪ್ ಟು ಗ್ರೋ ಇಂಟು ಎ ಲೀಡ್ ರೋಲ್’. ಮಹತ್ವಾಕಾಂಕ್ಷೆ ಇದರಲ್ಲೂ ಇದೆ, ಜೊತೆಗೆ ಕೆಲಸವೂ ಇದೆ. ರೆಸ್ಯೂಮೆಯಲ್ಲಿ ಏಣಿಯನ್ನು ಬರೆಯಲೇಬೇಡಿ, ಅಲ್ಲಿ ಹುದ್ದೆಗಳ ಪಟ್ಟಿಯೇ ಏಣಿಯ ಕಥೆ ಹೇಳುತ್ತದೆ. ಗೆಳೆಯರ ನಡುವೆ, ಲೇಖನದಲ್ಲಿ, ಮತ್ತೊಬ್ಬರನ್ನು ಪರಿಚಯಿಸುವಾಗ ಧಾರಾಳವಾಗಿ ಬಳಸಿ.

‘ಸೋಷಿಯಲ್ ಕ್ಲೈಮರ್’ ಎಂಬುದನ್ನು ಮಾತ್ರ ಮೆಚ್ಚುಗೆಯ ಮಾತೆಂದು ತಿಳಿದು ಯಾರಿಗೂ ಹೇಳಬೇಡಿ. ದೊಡ್ಡವರ ಸಹವಾಸ ಹಿಡಿದು ಅಂತಸ್ತು ಹೆಚ್ಚಿಸಿಕೊಳ್ಳುವವರು ಎಂಬ ಬೈಗುಳ ಅದು.

ಕನ್ನಡದ ಏಣಿ ಅಲ್ಲಿ ನಿಲ್ಲುವುದಿಲ್ಲ

ಭಾಷೆ ಕಲಿಯುವಾಗ ತಾಯ್ನುಡಿ ದೊಡ್ಡ ಬಲ. ಆದರೆ ಒಂದೇ ಚಿತ್ರ ಎರಡು ಭಾಷೆಯಲ್ಲೂ ಇದ್ದಾಗ ಅದೇ ದಾರಿ ತಪ್ಪಿಸುತ್ತದೆ. ‘ಹತ್ತಿದ ಏಣಿಯನ್ನೇ ಒದ್ದ’ ಎಂದು ನಾವು ಯಾರಿಗೆ ಹೇಳುತ್ತೇವೆ? ಮೇಲೇರಲು ನೆರವಾದವರನ್ನು ಮರೆತವನಿಗೆ. ಇಲ್ಲಿ ಏಣಿ ಎಂದರೆ ಒಬ್ಬ ಮನುಷ್ಯ: ಫೀಸು ಕಟ್ಟಿದ ಮಾವ, ಕೆಲಸ ಕಲಿಸಿದ ಹಿರಿಯ. ಆ ಮಾತಿನೊಳಗೆ ಕೃತಘ್ನತೆಯ ನೋವಿದೆ.

ಇಂಗ್ಲಿಷಿನಲ್ಲಿ ‘ಪುಲ್ ಅಪ್ ದ ಲ್ಯಾಡರ್’ ಎಂಬ ಮಾತಿದೆ, ಹತ್ತಿದ ಮೇಲೆ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ನೋಡಿದರೆ ಇವೆರಡೂ ಅಣ್ಣತಮ್ಮಂದಿರಂತಿವೆ. ಆದರೆ ಅಲ್ಲಿ ನೋವಾಗುವುದು ಏಣಿಗಲ್ಲ, ಕೆಳಗೆ ಸರದಿಗಾಗಿ ಕಾಯುತ್ತಿರುವವರಿಗೆ. ತಾನು ಯಾವ ಸವಲತ್ತಿನಿಂದ ಮೇಲೆ ಬಂದೆನೋ ಆ ಸವಲತ್ತು ಮುಂದಿನವರಿಗೆ ಸಿಗದಂತೆ ಮಾಡುವುದು ಅದರ ಅರ್ಥ. ಇಂಗ್ಲಿಷಿನಲ್ಲಿ ‘ಕಿಕ್ ಅವೇ ದ ಲ್ಯಾಡರ್’ ಎಂದು ಒದೆಯುವ ಮಾತೂ ಇದೆ, ಅದರ ಅರ್ಥವೂ ಇದೇ. ಹಾಗಾಗಿ ನೆರವಾದವರನ್ನು ಮರೆತ ಗೆಳೆಯನ ಬಗ್ಗೆ ನಮ್ಮ ಗಾದೆಮಾತನ್ನು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದರೆ ಕೇಳುವವರಿಗೆ ಬೇರೆಯೇ ಆರೋಪ ಕೇಳಿಸುತ್ತದೆ. ಈ ಎರಡನ್ನೂ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದು, ಯಾರಿಗೆ ನೋವು ಎಂದು ಕೆಳಗೆ ಗುರುತು ಮಾಡಿಕೊಳ್ಳಿ. ನನಗೆ ಈ ಇಡೀ ಪಾಠದಲ್ಲಿ ಅತಿ ಇಷ್ಟವಾದ ಜಾಗ ಇದು.

ಏಣಿಯ ನೆರೆಹೊರೆ

ಒಂದು ನುಡಿಗಟ್ಟು ಗಟ್ಟಿಯಾದ ಮೇಲೆ ಅದರ ನೆಂಟರು ಸುಲಭವಾಗಿ ಬರುತ್ತಾರೆ. ಮೊದಲ ಅವಕಾಶ ಗಿಟ್ಟಿಸುವುದು ‘ಗೆಟ್ ಎ ಫುಟ್ ಇನ್ ದ ಡೋರ್’. ಅಧಿಕಾರ ಕಿತ್ತುಕೊಂಡು, ಹೆಸರಿಗೆ ದೊಡ್ಡದಾದ ಹುದ್ದೆಗೆ ಸಾಗಹಾಕುವುದು ‘ಕಿಕ್ಡ್ ಅಪ್‌ಸ್ಟೇರ್ಸ್’. ನೇರ ಮೇಲಕ್ಕೇ ಹೋಗದೆ ಅಡ್ಡಡ್ಡ ಸರಿದು ಬೇರೆ ವಿಭಾಗದಲ್ಲೂ ಅನುಭವ ಪಡೆಯುವ ಈಗಿನ ರೀತಿಗೆ ‘ಕರಿಯರ್ ಲ್ಯಾಟಿಸ್’ ಎನ್ನುತ್ತಾರೆ. ಮಲ್ಲಿಗೆ ಬಳ್ಳಿ ಹಬ್ಬಿಸುವ ಹಂದರವನ್ನು ನೆನೆದರೆ ಸಾಕು.

ಎರಡು ಮಾತಿನ ಹಿಂದೆ ಹೆಂಗಸರ ಬದುಕೇ ಇದೆ. ‘ಗ್ಲಾಸ್ ಸೀಲಿಂಗ್’, ಗಾಜಿನ ಚಾವಣಿ. 1978ರಲ್ಲಿ ನ್ಯೂಯಾರ್ಕಿನ ಒಂದು ಚರ್ಚಾಗೋಷ್ಠಿಯಲ್ಲಿ ಮ್ಯಾರಿಲಿನ್ ಲೋಡೆನ್ ಈ ಮಾತನ್ನು ಬಳಸಿದರು. ಹೆಂಗಸರು ಮೇಲೆ ಬಾರದಿರುವುದಕ್ಕೆ ಅವರಲ್ಲೇ ಕೊರತೆ ಹುಡುಕುತ್ತಿದ್ದ ಕಾಲದಲ್ಲಿ, ತಡೆ ಇರುವುದು ಅವರ ತಲೆಯ ಮೇಲೆ, ಅದು ಕಣ್ಣಿಗೆ ಕಾಣುವುದಿಲ್ಲ ಎಂದು ಹೇಳಲು ಅವರಿಗೆ ಈ ಚಿತ್ರ ಬೇಕಾಯಿತು. 1991ರ ಕಾನೂನಿನಡಿ ಅಮೆರಿಕ ಸರ್ಕಾರ ರಚಿಸಿದ ಆಯೋಗಕ್ಕೂ ಇದೇ ಹೆಸರು ಬಂತು. ಇನ್ನೊಂದು ‘ಬ್ರೋಕನ್ ರಂಗ್’, ಮುರಿದ ಮೆಟ್ಟಿಲು. 2019ರಲ್ಲಿ ಮೆಕಿನ್ಸಿ ಮತ್ತು ಲೀನ್ ಇನ್ ಸಂಸ್ಥೆಗಳ ವರದಿ ಅಮೆರಿಕದ ಕಂಪನಿಗಳನ್ನು ನೋಡಿ, 100 ಗಂಡಸರು ಮೊದಲ ಮ್ಯಾನೇಜರ್ ಹುದ್ದೆಗೆ ಬಂದರೆ ಹೆಂಗಸರು 72 ಮಂದಿ ಮಾತ್ರ ಎಂದಿತು. ಚಾವಣಿ ಮುಟ್ಟುವ ಮಾತು ಹಾಗಿರಲಿ, ಏಣಿಯ ಮೊದಲ ಮೆಟ್ಟಿಲೇ ಮುರಿದಿದೆ ಎಂಬುದು ಅದರ ತಾತ್ಪರ್ಯ. ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಈ ಎರಡು ಮಾತನ್ನು ಒಮ್ಮೆ ವಿವರಿಸಿದರೆ ಸಾಕು, ಎರಡನೆಯ ಸಲ ಕೇಳುವುದಿಲ್ಲ.

ಮೂರು ವಾರದ ಅಭ್ಯಾಸ

ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಜಾರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ನೋಡಿದರೆ ನಿಲ್ಲುತ್ತದೆ. ಅದಕ್ಕೇ ಕ್ಯಾಲೆಂಡರಿನಲ್ಲಿ ನಾಲ್ಕು ದಿನ ಗುರುತು ಹಾಕಿ: ನಾಳೆ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ.

ನಾಳೆ, ನೋಟ್‌ಬುಕ್ ನೋಡದೆ ಏಣಿಯ ಚಿತ್ರ ಬರೆದು, ಕಟ್ಟುಗಳನ್ನು ‘ದ’ ಸಮೇತ ಬರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿ. ಮೂರನೆಯ ದಿನ ಯೂಗ್ಲಿಷ್ ಎಂಬ ಜಾಲತಾಣದಲ್ಲಿ ಈ ನುಡಿಗಟ್ಟನ್ನು ಹುಡುಕಿ. ಯೂಟ್ಯೂಬ್ ವಿಡಿಯೊಗಳಲ್ಲಿ ಜನ ಅದನ್ನು ಆಡಿದ ಜಾಗಕ್ಕೇ ಕರೆದೊಯ್ಯುತ್ತದೆ. ಹತ್ತು ತುಣುಕು ಕೇಳಿ, ಪ್ರತಿಯೊಂದಕ್ಕೂ ಒಂದೇ ಪದದ ಷರಾ ಬರೆಯಿರಿ: ಮೆಚ್ಚುಗೆ, ದಣಿವು, ಟೀಕೆ. ಮಾತಿನ ಬಿಸಿ ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಏಳನೆಯ ದಿನ ನಿಮಗೆ ಗೊತ್ತಿರುವ ನಾಲ್ವರ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ. ನಿಘಂಟಿನ ಜಾನ್, ಮೇರಿ ಬೇಡ. ನಿಮ್ಮ ಬೀದಿಯವರು, ಮನೆಯವರು ಇರಲಿ. ನಾಲ್ವರಲ್ಲಿ ಒಬ್ಬರಾದರೂ ‘ಕಾರ್ಪೊರೇಟ್ ಲ್ಯಾಡರ್’ ಒಪ್ಪದವರಾಗಿರಲಿ, ಆಗ ಯಾವ ಮಾತು ಹಾಕುತ್ತೀರೆಂದು ಯೋಚಿಸಬೇಕಾಗುತ್ತದೆ. ಸಂದರ್ಶನಕ್ಕೆ ಹೋಗಿಬಂದ ಆ ಹುಡುಗಿ ಈ ಅಭ್ಯಾಸದಲ್ಲಿ ತನ್ನ ಅತ್ತೆಯ ಬಗ್ಗೆ ಬರೆದಳು. ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿ, ಹೊಲಿಗೆ ಕಲಿತು ಆಪರೇಟರ್ ಆಗಿ, ಈಗ ಒಂದು ಲೈನಿಗೆ ಸೂಪರ್‌ವೈಸರ್ ಆಗಿರುವವರು. ಮೊದಲು ಏಣಿ ಹಾಕಿ ಬರೆದಿದ್ದವಳು ಅದನ್ನು ಹೊಡೆದುಹಾಕಿ ‘ಮೈ ಆಂಟ್ ವರ್ಕ್ಡ್ ಹರ್ ವೇ ಅಪ್ ಫ್ರಮ್ ಹೆಲ್ಪರ್ ಟು ಸೂಪರ್‌ವೈಸರ್’ ಎಂದು ತಿದ್ದಿದ್ದಳು. ಏಕೆಂದು ಕೇಳಿದೆ.

‘ಅತ್ತೆ ಹುದ್ದೆ ನೋಡ್ಕೊಂಡು ಹೋದವರಲ್ಲ ಮೇಡಂ, ಕೆಲಸ ಮಾಡ್ತಾ ಮಾಡ್ತಾ ಬಂದವರು.’

ಇಪ್ಪತ್ತೊಂದನೆಯ ದಿನಕ್ಕೆ ಅಂಥ ತಿದ್ದುಪಡಿಗಳೇ ನಿಮ್ಮ ಪಾಠ. ಏಳನೆಯ ದಿನದ ನಾಲ್ಕು ವಾಕ್ಯ ತೆಗೆದು, ಪ್ರತಿಯೊಂದನ್ನೂ ಆ ವ್ಯಕ್ತಿಯ ಎದುರಿಗೇ ಹೇಳಬಹುದೇ ಎಂದು ಕೇಳಿಕೊಳ್ಳಿ. ಹೇಳಲಾಗದು ಎನಿಸಿದ್ದನ್ನು ಮತ್ತೆ ಬರೆಯಿರಿ.